ಹೋಟೆಲಿನವರ ಮಗಳು ಪಥ್ಯದ ಮೇಡಂ ಆದದ್ದು

ಮದುವೆ ಊಟಕ್ಕೆ ಹೋದರೆ ನನ್ನ ಪಕ್ಕದ ಕುರ್ಚಿ ಬಹಳ ಹೊತ್ತು ಖಾಲಿ ಇರುತ್ತದೆ. ಪರಿಚಯದವರು ದೂರದಿಂದಲೇ ಕೈ ಬೀಸಿ ಎರಡು ಸಾಲು ಆಚೆ ಹೋಗಿ ಕೂರುತ್ತಾರೆ. ಬೇರೆಲ್ಲೂ ಜಾಗ ಸಿಗದೆ ಪಕ್ಕದಲ್ಲೇ ಕೂರಬೇಕಾದವರು, ಹೋಳಿಗೆ ಬಡಿಸುವವನು ಬಂದಾಗ ನನ್ನ ಮುಖ ನೋಡಿ "ಅರ್ಧ ಸಾಕು" ಎನ್ನುತ್ತಾರೆ. ಅವನು ಮುಂದೆ ಹೋದ ಮೇಲೆ ಅವನ ಬೆನ್ನನ್ನೇ ನೋಡುತ್ತಿರುತ್ತಾರೆ. ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಹೇಳುವ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕೆಲಸ ಬಿಟ್ಟರೂ ಜನರ ಹೆದರಿಕೆ ಬಿಟ್ಟಿಲ್ಲ. ನಾನು ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತೇನೆ ಎಂದರೆ ಯಾರೂ ನಂಬುವುದಿಲ್ಲ.

ಈಚೆಗೆ ಅಂಥದ್ದೇ ಒಂದು ಊಟದಲ್ಲಿ ಒಬ್ಬ ತಾಯಿ ಧೈರ್ಯ ಮಾಡಿ ಪಕ್ಕದಲ್ಲೇ ಬಂದು ಕೂತರು. ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಅವರ ಮನೆ. ಜೊತೆಗೆ ಪಿಯುಸಿ ಮುಗಿಸಿದ ಮಗಳು. ಅವಳಿಗೆ ಆಹಾರ ಮತ್ತು ಪೋಷಣೆಯ ಪದವಿಗೆ ಸೇರುವ ಆಸೆ.

"ಅದನ್ನು ಕಲಿತರೆ ಎಂತ ಆಗ್ತಾರೆ ಮೇಡಂ?" ಎಂದರು ತಾಯಿ. "ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ. ಕೇಳಿದವರಿಗೆ ಹೇಳ್ಲಿಕ್ಕೆ ಒಂದು ಹೆಸರಾದರೂ ಬೇಡವಾ?"

ಪಂಕ್ತಿ ಏಳುವ ಹೊತ್ತಾಗಿತ್ತು. ಎರಡು ಮಾತು ಹೇಳಿ ಕೈ ತೊಳೆಯಲು ಎದ್ದೆ. ಮನೆಗೆ ಬಂದ ಮೇಲೆ ಆ ಹುಡುಗಿಯ ಮುಖವೇ ಕಣ್ಣೆದುರು ಬರುತ್ತಿತ್ತು. ಅವಳು ತಟ್ಟೆಯಲ್ಲಿದ್ದ ಒಂದೊಂದು ಪಲ್ಯವನ್ನೂ ಬೆರಳಿನಿಂದ ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ಅಂಥ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಸಂಬಳ ಎಷ್ಟು ಏರಿತು ಎನ್ನುವುದೆಲ್ಲ ನಿಮಗೆ ಬೇಡ. ಅದು ನನಗೂ ಸರಿಯಾಗಿ ನೆನಪಿಲ್ಲ.

ನನ್ನ ಅಪ್ಪನದು ಬಂಟ್ವಾಳದ ಹತ್ತಿರ ಮೆಲ್ಕಾರಿನಲ್ಲಿ ಹೋಟೆಲು. ಹೈವೇಗೆ ಮುಖ ಮಾಡಿದ ಸಣ್ಣ ಹೋಟೆಲು. ಬೆಳಿಗ್ಗೆ ಬನ್ಸ್, ಸಜ್ಜಿಗೆ-ಬಜಿಲ್ ಎಂದರೆ ಉಪ್ಪಿಟ್ಟು-ಅವಲಕ್ಕಿ, ನೀರುದೋಸೆ, ಶೀರಾ. ಮಧ್ಯಾಹ್ನ ಕುಚ್ಚಲಕ್ಕಿಯ ಊಟ. ಸಂಜೆ ಗೋಳಿಬಜೆ. ನಾನು ಪೋಷಣೆಯ ಪದವಿ ಓದುತ್ತೇನೆ ಎಂದಾಗ ಅಪ್ಪ ಗಲ್ಲಾದಿಂದ ತಲೆ ಎತ್ತಿ ನೋಡಿದರು. ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

"ಅಡಿಗೆ ಕಲೀಲಿಕ್ಕೆ ಯುನಿವರ್ಸಿಟಿ ಯಾಕೆ ಮಗಾ? ನಾಳೆಯಿಂದ ಶೀನನ ಹತ್ತಿರ ನಿಲ್ಲು. ಬೇಗ ಬರ್ತದೆ." ಶೀನಣ್ಣ ಎಂದರೆ ನಮ್ಮ ಹೋಟೆಲಿನ ಅಡುಗೆಯವರು. ನಾನು ಹುಟ್ಟುವ ಮೊದಲೇ ಬಂದು ಸೇರಿದವರು.

"ಅಡಿಗೆ ಅಲ್ಲ ಅಪ್ಪ. ತಿಂದದ್ದು ಹೊಟ್ಟೆಗೆ ಹೋದ ಮೇಲೆ ಎಂತ ಆಗ್ತದೆ ಅಂತ ಕಲಿಯುವುದು."

"ಹೊಟ್ಟೆಗೆ ಹೋದ ಮೇಲೆ ಗಿರಾಕಿ ಕೈ ತೊಳೆದು ಹೋಗ್ತಾನೆ. ಮತ್ತೆ ಎಂತ ಆಗ್ತದೆ ಅಂತ ನಮಗೆ ಯಾಕೆ?"

ಹಾಗೆ ಹೇಳಿದವರೇ ಫೀಸು ಕಟ್ಟಿದರು. ಅದು ಅಪ್ಪನ ಕ್ರಮ. ಮೊದಲು ನಗಾಡುವುದು, ಆಮೇಲೆ ಕೇಳಿದ್ದಕ್ಕಿಂತ ಜಾಸ್ತಿ ಕೊಡುವುದು.

ಓದಿನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೇಕಿನ ಮೇಲೆ ಹೂ ಬಿಡಿಸಲು ಕಲಿಸುತ್ತಾರೆ ಎಂದುಕೊಂಡು ಬರುವವರು ಮೊದಲ ವರ್ಷವೇ ಸುಸ್ತಾಗುತ್ತಾರೆ. ನಾವು ಸೌಟಿಗಿಂತ ಗಾಜಿನ ನಳಿಕೆ ಹಿಡಿದದ್ದೇ ಹೆಚ್ಚು. ಜೀವರಸಾಯನ, ಶರೀರಶಾಸ್ತ್ರ, ಸೂಕ್ಷ್ಮಜೀವಿಗಳು, ಅದರ ಮೇಲೆ ಸಂಖ್ಯಾಶಾಸ್ತ್ರ. ರಜೆಯಲ್ಲಿ ಊರಿಗೆ ಬಂದಾಗ ನಾನು ಅಪ್ಪನ ಹೋಟೆಲಿನ ಬನ್ಸನ್ನು ತಕ್ಕಡಿಗೆ ಹಾಕಿ ತೂಗಿ, ಒಳಗೆ ಎಷ್ಟು ಎಣ್ಣೆ ಕುಡಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಗಿರಾಕಿಗಳು ಎದ್ದು ಬಂದು ನೋಡುತ್ತಿದ್ದರು. ನಮ್ಮ ಪುಸ್ತಕದ ಕೋಷ್ಟಕದಲ್ಲಿ ನಮ್ಮ ಕಡೆಯ ತಿಂಡಿಗಳಾದ ಪತ್ರೊಡೆಯೂ ಇರಲಿಲ್ಲ, ಮೂಡೆಯೂ ಇರಲಿಲ್ಲ. ಹಾಗಾಗಿ ಒಂದು ತಿಂಡಿಯನ್ನು ಅಕ್ಕಿ ಬೇರೆ, ಬೆಲ್ಲ ಬೇರೆ, ತೆಂಗಿನಕಾಯಿ ಬೇರೆ ಎಂದು ಬಿಡಿಸಿ ನೋಡುವ ಅಭ್ಯಾಸವಾಯಿತು. ಇಡೀ ಪದವಿಯಲ್ಲಿ ನನಗೆ ಉಳಿದ ದೊಡ್ಡ ಆಸ್ತಿ ಅದೇ.

ಇನ್ನು ಆ ತಾಯಿ ಕೇಳಿದ ಪ್ರಶ್ನೆ. ಕಲಿತರೆ ಎಂತ ಆಗುತ್ತಾರೆ? ನನ್ನ ಜೊತೆ ಓದಿದವಳೊಬ್ಬಳು ಬೆಳ್ತಂಗಡಿ ಕಡೆಯ ಅಂಗನವಾಡಿಗಳ ಮೇಲ್ವಿಚಾರಕಿಯಾದಳು. ಅರ್ಧ ಕೆಲಸ ಸ್ಕೂಟರ್ ಓಡಿಸುವುದು, ಇನ್ನರ್ಧ ಬಸುರಿಯರ ಅತ್ತೆಯಂದಿರ ಮನಸ್ಸು ತಿರುಗಿಸುವುದು ಎನ್ನುತ್ತಾಳೆ. ನನ್ನ ಕೈಕೆಳಗೆ ತರಬೇತಿ ಪಡೆದ ಒಬ್ಬಳು ಕ್ರೀಡಾ ಹಾಸ್ಟೆಲಿನಲ್ಲಿ ಓಟಗಾರರಿಗೂ ಕುಸ್ತಿಯವರಿಗೂ ಏನು ಬಡಿಸಬೇಕು ಎಂದು ನಿರ್ಧರಿಸುತ್ತಾಳೆ. ಒಬ್ಬಳು ಗಲ್ಫಿನಲ್ಲಿ ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿದ್ದಾಳೆ. ಒಬ್ಬ ಹುಡುಗ ಮಸಾಲೆ ಕಾರ್ಖಾನೆಯ ಪ್ರಯೋಗಾಲಯಕ್ಕೆ ಹೋದ, ಅವನು ಮನೆಗೆ ಬಂದರೆ ಅಂಗಿಯೇ ಘಮ್ಮೆನ್ನುತ್ತದೆ. ಕಾಲೇಜಿನಲ್ಲಿ ಪಾಠ ಮಾಡುವವರಿದ್ದಾರೆ. ಆಸ್ಪತ್ರೆಯ ಕೆಲಸಕ್ಕೆ ಬರುವವರಿಗೆ ಮಾತ್ರ ಪದವಿಯೊಂದೇ ಸಾಲದು. ಮೇಲಿನ ಓದು, ಆಸ್ಪತ್ರೆಯೊಳಗಿನ ತರಬೇತಿ, ನೋಂದಣಿಯ ಪರೀಕ್ಷೆ ಎಲ್ಲ ಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಬೇರೆಯವರ ಅಡುಗೆಮನೆಯ ಸುದ್ದಿ ಕೇಳುವ ತಾಳ್ಮೆ ಬೇಕು.

ಆ ತಾಳ್ಮೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂಡುಬಿದಿರೆಯ ಒಬ್ಬ ಹಿರಿಯ ಜೈನ ಅಮ್ಮನವರು ವಾರ್ಡಿನಲ್ಲಿದ್ದರು. ರಕ್ತ ಕಡಿಮೆ, ನಿಶ್ಶಕ್ತಿ. ನಾನು ಕಲಿತದ್ದನ್ನೆಲ್ಲ ಅವರ ಮಂಚದ ಪಕ್ಕ ನಿಂತು ಹೇಳಿದೆ. ಬೀಟ್‌ರೂಟ್ ತಿನ್ನಿ, ಕ್ಯಾರೆಟ್ ತಿನ್ನಿ, ರಾತ್ರಿ ಎಂಟು ಗಂಟೆಗೆ ಊಟ, ಮಲಗುವಾಗ ಒಂದು ಲೋಟ ಹಾಲು. ಅವರು ಒಮ್ಮೆಯೂ ನಡುವೆ ಬಾಯಿ ಹಾಕದೆ ಕೇಳಿದರು.

"ಎಷ್ಟು ಚಂದ ಹೇಳಿದೆ ಮಗಾ. ಇನ್ನು ಕೂತುಕೋ, ನಾನು ಹೇಳ್ತೇನೆ," ಎಂದರು. "ಮಣ್ಣಿನ ಒಳಗೆ ಬೆಳೆದದ್ದು ನಮಗೆ ಆಗುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊಟ ಇಲ್ಲ, ಹಾಲೂ ಇಲ್ಲ. ಈಗ ಹೇಳು, ಎಂತ ತಿನ್ನುವ?"

ಪರದೆಯ ಆಚೆ ಯಾರೋ ನಗುವುದು ಕೇಳಿತು. ಅದು ಫ್ಲಾವಿಯಾ ಮೇಡಂ, ನನ್ನ ಮೇಲಧಿಕಾರಿ. ಗಟ್ಟಿ ಹೆಂಗಸು. ಡಾಕ್ಟರುಗಳು ಕೂಡ ಅವರ ಎದುರು ಚಾಗೆ ಸಕ್ಕರೆ ಹಾಕಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ನನಗೆ ಬೈಗುಳ ಕಾದಿದೆ ಎಂದುಕೊಂಡೆ. ಅವರು ಬೈಯಲಿಲ್ಲ.

"ವಾರಿಜ, ಇನ್ನು ಮೇಲೆ ನೀನು ಬಾಯಿ ತೆರೆಯುವ ಮೊದಲು ಅವರ ನಿನ್ನೆಯ ದಿನ ಕೇಳು. ಎದ್ದಲ್ಲಿಂದ ಮಲಗುವವರೆಗೆ. ಬಾಯಿಗೆ ಎಂತ ಎಲ್ಲ ಹೋಯ್ತು ಅಂತ ಕೇಳು. ಅವರು ಹೇಳಿ ಮುಗಿಸಿದ ಮೇಲೆ ನಿನ್ನ ಯುನಿವರ್ಸಿಟಿ ತೆಗಿ."

ಕೇಳುವುದು ಸುಲಭ, ಉತ್ತರ ಪಡೆಯುವುದು ಕಷ್ಟ. ನಮ್ಮ ಕಡೆ ಯಾರನ್ನು ಕೇಳಿದರೂ ಮೊದಲ ಉತ್ತರ ಒಂದೇ: "ಎಂತ ಇಲ್ಲ ಮೇಡಂ, ಸ್ವಲ್ಪ ಗಂಜಿ." ಗಂಜಿಗೆ ನೆಂಚಿಕೊಳ್ಳಲು ಏನು ಎಂದು ಕೇಳಿದರೆ ಉಪ್ಪಿನಕಾಯಿ ಹೊರಗೆ ಬರುತ್ತದೆ. ಮತ್ತೆ ಎಂದರೆ ಒಣಮೀನಿನ ಚಟ್ನಿ. ಮತ್ತೆ ಎಂದರೆ, "ಒಂದು ಹಪ್ಪಳ ಇತ್ತು, ಅದೆಲ್ಲ ಹೇಳುವುದು ಬೇಕಾ?" ಹೀಗೆ ಹೇಳುವವರು ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುವವರು, ಉಪ್ಪು ಕಡಿಮೆ ಮಾಡಬೇಕಾದವರು. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ಅವರ ಮಟ್ಟಿಗೆ ಊಟ ಎಂದರೆ ಅನ್ನ, ಉಳಿದದ್ದು ಊಟದ ಜೊತೆಗಾರರು.

ಪಥ್ಯ ಹೇಳುವ ಕ್ರಮಗಳು ಕೂಡ ಬದಲಾದವು. ಮೊದಲು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು ನಮ್ಮ ಬಳಿ ಇದ್ದವು, ಎಲ್ಲ ಸಕ್ಕರೆ ರೋಗಿಗಳಿಗೂ ಒಂದೇ ಹಾಳೆ. ಆಮೇಲೆ ಕಂಪ್ಯೂಟರ್ ಬಂತು. ಕೊನೆಕೊನೆಗೆ ಮೊಬೈಲ್ ಬಂದು, ರೋಗಿಗಳು ತಟ್ಟೆಯ ಫೋಟೋ ಕಳಿಸಲು ಶುರು ಮಾಡಿದರು. ದುಬೈಯಿಂದ ಬಂದು ಬಂಟ್ವಾಳದಲ್ಲಿ ಮನೆ ಕಟ್ಟಿಸಿದ ಒಬ್ಬರು ದಿನವೂ ಮಧ್ಯಾಹ್ನ ತಪ್ಪದೆ ಫೋಟೋ ಹಾಕುತ್ತಿದ್ದರು. ಸ್ವಲ್ಪ ಅನ್ನ, ತುಂಬ ಸೊಪ್ಪು, ಬದಿಯಲ್ಲಿ ಒಂದು ತುಂಡು ಲಿಂಬೆ. ನಾನು ಮೆಚ್ಚಿ ಮೆಚ್ಚಿ ಉತ್ತರ ಕೊಡುತ್ತಿದ್ದೆ. ಒಂದು ದಿನ ನೋಡುತ್ತೇನೆ, ಲಿಂಬೆ ತುಂಡಿನ ಮೇಲಿನ ಬೀಜ ದಿನವೂ ಅದೇ ಜಾಗದಲ್ಲಿದೆ! ಫೋನ್ ಮಾಡಿ ಕೇಳಿದರೆ, "ಫೋಟೋ ಲಾಯಿಕ್ ಬಂದಿತ್ತು ಮೇಡಂ, ಹಾಗೆ ಅದನ್ನೇ ಇಟ್ಟುಕೊಂಡೆ" ಎಂದರು. ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅವರು ನಿಜವಾದ ತಟ್ಟೆ ಕಳಿಸಿದರು, ನಾವು ನಿಜವಾದ ಕೆಲಸ ಶುರು ಮಾಡಿದೆವು.

ಹೀಗೆ ಊರವರ ತಟ್ಟೆಯನ್ನೆಲ್ಲ ಬಿಡಿಸಿ ನೋಡುವುದರಲ್ಲಿ ನನಗೆ ಒಳ್ಳೆಯ ಹೆಸರು ಬಂದಿದ್ದ ಕಾಲದಲ್ಲೇ ಅಪ್ಪನ ಕಾಲಿಗೆ ಗಾಯವಾದದ್ದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮಾತ್ರೆಯಿಂದ ಇನ್ಸುಲಿನ್‌ಗೆ ಬಂದಿದ್ದರು. ಪಥ್ಯ ಹೇಳಿದ್ದು ನಾನೇ. ಅಪ್ಪ ಒಂದೂ ಎದುರು ಮಾತಾಡದೆ ಒಪ್ಪಿಕೊಂಡಾಗ ನನಗೇ ಆಶ್ಚರ್ಯವಾಗಿತ್ತು. ಒಂದು ಸಂಜೆ ಗೋಳಿಬಜೆಯ ಬಾಣಲೆಯಿಂದ ಬಿಸಿ ಎಣ್ಣೆ ಸಿಡಿದು ಅವರ ಕಾಲಿನ ಹೆಬ್ಬೆರಳಿಗೆ ಬಿತ್ತು. ಸಕ್ಕರೆಯಿಂದ ಪಾದದ ಸ್ಪರ್ಶ ಹೋಗಿತ್ತಲ್ಲ, ಬಿದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಚಪ್ಪಲಿಯಲ್ಲಿ ಕೀವು ಕಂಡು ಅಮ್ಮ ಬೊಬ್ಬೆ ಹಾಕಿದ ಮೇಲೆಯೇ ನಾವೆಲ್ಲ ನೋಡಿದ್ದು.

ನಮ್ಮ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಸರ್ಜನ್ ನೋಡಿ, ನನ್ನನ್ನು ಬದಿಗೆ ಕರೆದರು. "ವಾರಿಜ ಮೇಡಂ, ಸಕ್ಕರೆ ಹತೋಟಿಗೆ ಬಾರದೆ ಈ ಗಾಯ ಒಣಗುವುದಿಲ್ಲ. ಒಣಗದಿದ್ದರೆ ಬೆರಳಿಗೇ ನಿಲ್ಲುವುದಿಲ್ಲ, ಪಾದ ತೆಗೆಯಬೇಕಾದೀತು. ಕೆಲವು ವಾರ ನೋಡುವ."

ಬೆಳಗಿನಿಂದ ಸಂಜೆಯವರೆಗೆ ನಿಂತೇ ಬದುಕಿದ ಮನುಷ್ಯ ಅವರು. ಒಂದು ಪಾದವಿಲ್ಲದ ಅಪ್ಪನನ್ನು ಕಲ್ಪಿಸಿಕೊಳ್ಳಲು ನನಗೆ ಆಗಲಿಲ್ಲ. ಅಮ್ಮ ಪೊಳಲಿಯ ದೇವಸ್ಥಾನಕ್ಕೆ ಹರಕೆ ಹೇಳಿಕೊಂಡರು. ನಾನು ತಟ್ಟೆಯ ಮೇಲೆ ಕಣ್ಣಿಟ್ಟೆ.

ಆಸ್ಪತ್ರೆಯಲ್ಲಿದ್ದಷ್ಟು ದಿನ ಸಕ್ಕರೆ ಚಂದಕ್ಕೆ ಇಳಿಯಿತು. ಮನೆಗೆ ಕಳಿಸಿದರು. ಅಪ್ಪ ಹಟ ಮಾಡಿ, ಬ್ಯಾಂಡೇಜಿನ ಕಾಲನ್ನು ಒಂದು ಪೆಟ್ಟಿಗೆಯ ಮೇಲಿಟ್ಟುಕೊಂಡು ಹೋಟೆಲಿನಲ್ಲಿ ಕೂರಲು ಶುರು ಮಾಡಿದರು. ಸಕ್ಕರೆ ಮತ್ತೆ ಏರಿತು. ಡಾಕ್ಟರು ಇನ್ಸುಲಿನ್ ಹೆಚ್ಚಿಸಿದರು. ಹೋಟೆಲಿಗೆ ರಜೆಯಿದ್ದ ದಿನ ಅಪ್ಪನಿಗೆ ಮನೆಯಲ್ಲಿ ಬೆವರು ಬಂದು, ಕೈ ನಡುಗಿ, ಮಾತು ತೊದಲಿತು. ಸಕ್ಕರೆ ತೀರಾ ಕೆಳಗಿಳಿದಿತ್ತು. ಅಮ್ಮ ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡರು.

ನನಗೆ ಮಂಡೆಬಿಸಿಯ ಜೊತೆ ಸಿಟ್ಟೂ ಬಂತು. ಕದ್ದು ತಿನ್ನುತ್ತಾರೆ ಎಂದೇ ಅಂದುಕೊಂಡೆ.

"ಅಪ್ಪ, ಸತ್ಯ ಹೇಳಿ. ಹೋಟೆಲಲ್ಲಿ ಎಂತ ತಿಂತೀರಿ?"

"ಹೋಟೆಲಲ್ಲಿ ನಾನು ತಿಂದದ್ದನ್ನು ಯಾರಾದರೂ ನೋಡಿದ್ದಾರಾ? ಶೀನನ ಹತ್ತಿರ ಕೇಳು. ಗಿರಾಕಿಗಳ ಮೇಜಲ್ಲಿ ಧಣಿ ಕೂತು ತಿಂದರೆ ಮರ್ಯಾದೆ ಉಂಟಾ? ನೀನು ಹೇಳಿದ್ದನ್ನು ಮನೆಯಲ್ಲಿ ತಿಂತೇನೆ. ಅಷ್ಟೇ."

ಶೀನಣ್ಣನೂ ಪ್ರಮಾಣ ಮಾಡಿ ಹೇಳಿದರು, ಧಣಿ ಏನೂ ತಿನ್ನುವುದಿಲ್ಲ ಎಂದು. ಇಬ್ಬರೂ ಸುಳ್ಳು ಹೇಳುವ ಜನ ಅಲ್ಲ. ರಕ್ತವೂ ಸುಳ್ಳು ಹೇಳುವುದಿಲ್ಲ. ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದೆ. ಆಸ್ಪತ್ರೆಯಲ್ಲಿ ಸರಿ ಇರುತ್ತದೆ. ಮನೆಯಲ್ಲಿದ್ದ ದಿನ ಇಳಿಯುತ್ತದೆ. ಹೋಟೆಲಿಗೆ ಹೋದ ದಿನ ಏರುತ್ತದೆ. ಮರುದಿನ ರಜೆ ಹಾಕಿ, ಬೆಳಿಗ್ಗೆ ಅಪ್ಪನ ಹಿಂದೆಯೇ ಹೋಟೆಲಿಗೆ ಹೋಗಿ, ಅಡುಗೆಮನೆಯ ಮೂಲೆಯಲ್ಲಿ ತೆಂಗಿನಕಾಯಿ ಗೋಣಿಯ ಮೇಲೆ ಕೂತೆ.

ಬಾಗಿಲು ಇನ್ನೂ ತೆರೆದಿರಲಿಲ್ಲ. ಶೀನಣ್ಣ ಸಾಂಬಾರಿನ ಸೌಟು ತಂದು ಅಪ್ಪನ ಅಂಗೈಗೆ ಬಗ್ಗಿಸಿದರು. ಅಪ್ಪ ನೆಕ್ಕಿ, "ಹುಳಿ ಮುಂದೆ ಉಂಟು, ಚೂರು ಬೆಲ್ಲ ಹಾಕು" ಎಂದರು. ಬೆಲ್ಲ ಹಾಕಿದ ಮೇಲೆ ಇನ್ನೊಮ್ಮೆ ಸೌಟು. ಚಟ್ನಿ ಬಂತು. ಮೊದಲ ಬನ್ಸ್ ಬಂತು. ಒಳಗೆ ಬೆಂದಿದೆಯೇ ಎಂದು ಹರಿದು ನೋಡಿ ಅರ್ಧ ಬಾಯಿಗೆ ಹಾಕಿದರು. ಸಜ್ಜಿಗೆ ಒಂದು ತುತ್ತು. ನೀರುದೋಸೆಯ ಮೊದಲ ದೋಸೆ. ಶೀರಾ ಒಂದು ಉಂಡೆಯಷ್ಟು, ಏಲಕ್ಕಿ ಸಾಲದು ಎಂದು ಇನ್ನೊಂದು ಉಂಡೆಯಷ್ಟು. ಚಾ ಅರ್ಧ ಲೋಟ, ಗಿರಾಕಿಗಳು ಕುಡಿಯುವ ಹಾಗೆ ಪೂರ್ತಿ ಸಕ್ಕರೆ ಹಾಕಿದ್ದು. ಮಾಲೀಕನ ಅಂಗೈಗೆ ಬೀಳದೆ ಒಂದು ಪದಾರ್ಥವೂ ಹೊರಗೆ ಹೋಗಬಾರದು ಎನ್ನುವುದು ನಮ್ಮ ಹೋಟೆಲಿನ ಕ್ರಮ, ಅಜ್ಜನ ಕಾಲದಿಂದ ಬಂದದ್ದು. ಚಿಕ್ಕವಳಿದ್ದಾಗ ನಾನೂ ಪಕ್ಕದಲ್ಲಿ ನಿಂತು ಅಂಗೈ ಒಡ್ಡುತ್ತಿದ್ದೆ. ಹಾಗಾಗಿಯೇ ಅದು ನನ್ನ ಕಣ್ಣಿಗೆ ಬೀಳಲಿಲ್ಲವೋ ಏನೋ. ನಮ್ಮ ಮನೆಯಲ್ಲಿ ಅದನ್ನು ಯಾರೂ ಯಾವತ್ತೂ ತಿನ್ನುವುದು ಎಂದು ಕರೆದವರೇ ಅಲ್ಲ.

ಮೊದಲ ಸೌಟು ಕಂಡಾಗಲೇ ನಾನು ಒಂದು ಸ್ಟೀಲ್ ತಟ್ಟೆ ಎತ್ತಿಕೊಂಡೆ. ಅಪ್ಪನ ಅಂಗೈಗೆ ಏನು ಬಿತ್ತೋ, ಎಷ್ಟು ಬಿತ್ತೋ, ಅಷ್ಟನ್ನೇ ಅವರ ಬೆನ್ನ ಹಿಂದೆ ತಟ್ಟೆಗೂ ಹಾಕುತ್ತ ಹೋದೆ. ಪಕ್ಕದಲ್ಲಿ ಅರ್ಧ ಲೋಟ ಚಾ. ಎಲ್ಲ ಮುಗಿದ ಮೇಲೆ ಅಪ್ಪ ಕೋಲು ಹಿಡಿದು ಎದ್ದರು.

"ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರ್ತೇನೆ. ಖಾಲಿ ಹೊಟ್ಟೆಯಲ್ಲೇ ಉಂಟು."

ನಾನು ತಟ್ಟೆಯನ್ನು ಅವರೆದುರು ಇಟ್ಟೆ.

"ಇಷ್ಟು ಯಾರಿಗೆ ಮಗಾ? ನಿನಗಾ?"

"ಇದು ನೀವು ಈಗ ತಿಂದದ್ದು ಅಪ್ಪ."

"ನಾನು ಎಂತ ತಿಂದೆ?"

ಶೀನಣ್ಣ ತಟ್ಟೆಯನ್ನು ನೋಡಿದರು. ಒಂದು ದೋಸೆ, ಅರ್ಧ ಬನ್ಸ್, ಎರಡು ಉಂಡೆ ಶೀರಾ, ಸಜ್ಜಿಗೆ, ಸಾಂಬಾರು. "ಹೌದು ಧಣಿ," ಎಂದರು ಮೆಲ್ಲಗೆ. "ಇಷ್ಟೂ ನಾನೇ ಹಾಕಿದ್ದು."

"ಅದು ತಿಂದದ್ದಲ್ಲ ಮಾರಾಯ. ರುಚಿ ನೋಡಿದ್ದು."

"ರಕ್ತಕ್ಕೆ ಅದು ಗೊತ್ತಾಗುವುದಿಲ್ಲ ಅಪ್ಪ."

ಅಪ್ಪ ಮತ್ತೆ ಕೂತರು. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. "ರುಚಿ ನೋಡದೆ ಬಡಿಸುವುದು ಹೇಗೆ?" ಎಂದರು.

"ನೋಡಿ ಉಗುಳಿ," ಎಂದೆ ನಾನು. ನಮ್ಮ ಪುಸ್ತಕದಲ್ಲಿ ರುಚಿ ಪರೀಕ್ಷಿಸುವವರು ಹಾಗೆಯೇ ಮಾಡುವುದು.

"ಅನ್ನವನ್ನಾ?" ಅಪ್ಪ ನನ್ನನ್ನು ನೋಡಿದ ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ. ಅವರೇ ಮುಂದೆ ಹೇಳಿದರು. "ಕಾಲು ಹೋದರೆ ಕೂತು ನಡೆಸ್ತೇನೆ ಹೋಟೆಲನ್ನು. ನಾಲಗೆ ಕಟ್ಟಿ ಹಾಕಿದರೆ ಎಂತ ನಡೆಸುವುದು?"

ನನ್ನ ಓದು, ನನ್ನ ಅನುಭವ ಎಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ. ರೋಗಿಗಳ ಎದುರು ಒಮ್ಮೆಯೂ ಧ್ವನಿ ಏರಿಸದವಳು ಕೂಗಿಯೇ ಬಿಟ್ಟೆ. "ನಿಮಗೆ ಬೇಡದಿರಬಹುದು ಅಪ್ಪ, ನನಗೆ ನಿಮ್ಮ ಕಾಲು ಬೇಕು!" ಕೂಗಿದ್ದೇ ಅಳು ಬಂತು. ಹೊರಗೆ ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತಿದ್ದರು, ಅವರಿಗೂ ಕೇಳಿಸಿರಬೇಕು. ಶೀನಣ್ಣ ಏನು ಮಾಡುವುದು ತಿಳಿಯದೆ ಎರಡನೇ ಪಾತ್ರೆಯ ಶೀರಾ ಕಲಕಿ, ಅಭ್ಯಾಸದಂತೆ ಸೌಟನ್ನು ಅಪ್ಪನ ಕೈ ಹತ್ತಿರ ತಂದರು. ಅಪ್ಪನ ಅಂಗೈಯೂ ಅಭ್ಯಾಸದಂತೆ ಎದ್ದಿತು. ಆಮೇಲೆ ಮುಚ್ಚಿಕೊಂಡಿತು.

"ಅವಳಿಗೆ ಹಾಕು," ಎಂದರು.

ನಾನು ಮೂಗು ಒರೆಸಿಕೊಂಡು ಶೀರಾ ಬಾಯಿಗೆ ಹಾಕಿದೆ. "ಲಾಯಿಕ್ ಉಂಟು."

"ಲಾಯಿಕ್ ಉಂಟು ಅಂತ ಗಿರಾಕಿ ಹೇಳಿದರೆ ಸಾಕು. ನೀನು ಎಂತ ಹೆಚ್ಚು, ಎಂತ ಕಮ್ಮಿ ಹೇಳು."

"ಸಕ್ಕರೆ ಜಾಸ್ತಿ."

"ಯಾರಿಗೆ ಜಾಸ್ತಿ? ನಿನ್ನ ರೋಗಿಗಳಿಗಾ, ನನ್ನ ಗಿರಾಕಿಗಳಿಗಾ?"

ಶೀನಣ್ಣ ಸೌಟು ಹಿಡಿದುಕೊಂಡೇ ನಗಾಡಿದರು. ಅಳುತ್ತಲೇ ನನಗೂ ನಗು ಬಂತು.

ಅವತ್ತಿನಿಂದ ಹೊಸ ಪಥ್ಯ ಮಾಡಿದೆ. ಸಾಂಬಾರು, ಚಟ್ನಿ, ಚೂರು ದೋಸೆ ಅಪ್ಪನ ಪಾಲಿಗೆ, ಅದೇ ಅವರ ಬೆಳಗಿನ ತಿಂಡಿ, ಮನೆಯಲ್ಲಿ ಬೇರೆ ಇಲ್ಲ. ಬನ್ಸ್, ಶೀರಾ, ಚಾ ನನ್ನ ಪಾಲಿಗೆ. ರಕ್ತ ಕೊಡುವುದು ಮನೆಯಿಂದ ಹೊರಡುವ ಮೊದಲು. ಡಾಕ್ಟರು ಇನ್ಸುಲಿನ್ ಪ್ರಮಾಣವನ್ನು ಅದಕ್ಕೆ ಸರಿಯಾಗಿ ಬದಲಾಯಿಸಿದರು. ದಿನವೂ ನಾನು ಮೆಲ್ಕಾರಿನಲ್ಲಿ ರುಚಿ ನೋಡಿ ಆಮೇಲೆ ಮೂಡುಬಿದಿರೆಯ ಬಸ್ಸು ಹಿಡಿಯುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ದಪ್ಪಗಾದೆ. ಫ್ಲಾವಿಯಾ ಮೇಡಂ ಅಷ್ಟರಲ್ಲಿ ನಿವೃತ್ತರಾಗಿದ್ದರು. ಒಮ್ಮೆ ನೋಡಲು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ನಿನ್ನೆಯ ದಿನ ಹೇಳು, ನೋಡುವ" ಎಂದರು.

ನಾನು ರೋಗಿಗಳಿಗೆ ಕೇಳುವ ಪ್ರಶ್ನೆಗೂ ಒಂದು ಬಾಲ ಬಂತು. ನಿನ್ನೆ ಏನು ತಿಂದಿರಿ ಎಂದು ಕೇಳಿದ ಮೇಲೆ, ನಿಮ್ಮ ಕೆಲಸ ಏನು, ಆ ಕೆಲಸದಲ್ಲಿ ಬಾಯಿಗೆ ಏನಾದರೂ ಹೋಗುತ್ತದೆಯೇ ಎಂದು ಕೇಳತೊಡಗಿದೆ. ಆರ್ಡರಿನ ಮೇಲೆ ಹೋಳಿಗೆ ಮಾಡಿಕೊಡುವ ಒಬ್ಬರು ಹೂರಣದ ಹದವನ್ನು ನಾಲಗೆಯಲ್ಲೇ ನೋಡುತ್ತಿದ್ದರು. ಮಗು ಬಿಟ್ಟ ತುತ್ತನ್ನೆಲ್ಲ ತಾನೇ ಬಾಯಿಗೆ ಹಾಕಿಕೊಳ್ಳುವ ತಾಯಂದಿರು ಎಷ್ಟೋ ಜನ. ಮುಂದೆ ಈ ಕೆಲಸಕ್ಕೆ ಬರುವ ಮಕ್ಕಳೇ, ಇವರು ಯಾರೂ ಕಳ್ಳರಲ್ಲ. ಅವರು ಬದುಕುವುದೇ ಹಾಗೆ. ತಿನ್ನಬೇಡಿ ಎಂದು ಹೇಳುವ ಮೊದಲು, ಅದನ್ನು ಬಿಟ್ಟರೆ ಅವರ ಕೈಯಿಂದ ಏನು ಹೋಗುತ್ತದೆ ಎಂದು ನೋಡಿ.

ಗಾಯ ನಿಧಾನಕ್ಕೆ ಒಣಗುತ್ತ ಬಂತು. ಮಧ್ಯೆ ಒಮ್ಮೆ ಮತ್ತೆ ಕೆಂಪಾಗಿ ನಮ್ಮ ಜೀವ ಬಾಯಿಗೆ ಬಂದಿತ್ತು. ಕೊನೆಗೊಂದು ದಿನ ಸರ್ಜನ್ ಪಟ್ಟಿ ಬಿಚ್ಚಿ, ಬೆರಳನ್ನು ತಿರುಗಿಸಿ ನೋಡಿ, "ಇನ್ನು ಏನೂ ತೆಗೆಯುವುದು ಬೇಡ. ನಡೆಯಿರಿ" ಎಂದರು. ಅಪ್ಪ ಅವರಿಗೆ ಕೈ ಮುಗಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ತಮ್ಮ ಪಾದವನ್ನೇ ನೋಡಿದರು.

ಮರುದಿನ ಬೆಳಿಗ್ಗೆ ಅಪ್ಪ ಕೋಲಿಲ್ಲದೆ ಹೋಟೆಲಿನ ಅಡುಗೆಮನೆಗೆ ನಡೆದು ಬಂದರು. ಶೀನಣ್ಣನಿಗೆ ಹಬ್ಬ. ಶೀರಾಕ್ಕೆ ದ್ರಾಕ್ಷಿ, ಗೇರುಬೀಜ ಹೆಚ್ಚೇ ಹಾಕಿದ್ದರು. ಸೌಟು ತುಂಬಿಕೊಂಡು ನೇರ ಅಪ್ಪನೆದುರು ನಿಂತರು.

"ಇವತ್ತು ಒಂದು ದಿನ ಧಣಿ. ಕಾಲು ಬಂತಲ್ಲ."

ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ತಡೆದುಕೊಂಡೆ. ನಾನು ಎಷ್ಟು ದಿನ ಕಾವಲು ನಿಲ್ಲಲು ಸಾಧ್ಯ? ಅಪ್ಪ ಅಂಗೈ ಒಡ್ಡಿದರು. ಶೀನಣ್ಣ ಶೀರಾ ಹಾಕಿದರು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದರು, ನನ್ನ ಕೈಯನ್ನು ಎಳೆದುಕೊಂಡರು, ಅಷ್ಟನ್ನೂ ನನ್ನ ಅಂಗೈಗೆ ಬಗ್ಗಿಸಿದರು.

"ನೋಡಿ ಹೇಳು."

ನಾನು ಬಾಯಿಗೆ ಹಾಕಿ ನಿಧಾನಕ್ಕೆ ಹೇಳಿದೆ. "ರವೆ ಚಂದ ಹುರಿದಿದೆ. ತುಪ್ಪ ಕೈಗೆ ಅಂಟುವುದಿಲ್ಲ, ಸರಿ ಉಂಟು. ಏಲಕ್ಕಿ ಮೊದಲು ಬರ್ತದೆ, ಆಮೇಲೆ ಸಿಹಿ. ದ್ರಾಕ್ಷಿ ಉಬ್ಬಿದೆ, ಕಚ್ಚಿದರೆ ಒಡೀತದೆ. ಸಕ್ಕರೆ ಗಿರಾಕಿಗಳಿಗೆ ಸರಿ ಉಂಟು."

ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಹೇಳಿ ಮುಗಿಸಿದಾಗ, ಶೀರಾ ತಾವೇ ತಿಂದ ಹಾಗೆ ಒಮ್ಮೆ ನುಂಗಿದರು.

"ಸರಿ," ಎಂದರು ಕಣ್ಣು ತೆರೆದು. "ಬಾಗಿಲು ತೆಗಿ ಶೀನ. ಬಡಿಸುವ."